ತಗಡು ರೂಪಣೆಯ ಗಣಕ ಅನುಕರಣೆ: ಒಂದು ಚಾರಿತ್ರಿಕ ಅವಲೋಕನ

ತಗಡನ್ನು ಬಡಿದು ಪಾತ್ರೆ ಮಾಡುವ ಕಂಚುಗಾರನಿಗೆ ಲೋಹ ಎಲ್ಲಿ ತೆಳುವಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದು ಕೈಯ ಅನುಭವದಿಂದಲೇ ತಿಳಿಯುತ್ತದೆ. ಏಟನ್ನು ಅವನು ನಡುವೆಯೇ ತಿದ್ದಿಕೊಳ್ಳಬಲ್ಲ. ಮೋಟಾರು ಕಾರಿನ ಬಾಗಿಲನ್ನು ಭಾರಿ ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವಾಗ ಈ ಅವಕಾಶವಿಲ್ಲ. ಅಚ್ಚನ್ನು ಕಡೆದು, ಒತ್ತಿ ನೋಡಿ, ತಗಡು ಹರಿದರೆ ಅಚ್ಚನ್ನೇ ಮತ್ತೆ ತಿದ್ದಬೇಕು. ಈ ದುಬಾರಿ ತಿದ್ದುಪಡಿಯ ಅಗತ್ಯವನ್ನು ಲೆಕ್ಕಾಚಾರದಿಂದ ಮೊದಲೇ ಅರಿಯುವ ಪ್ರಯತ್ನವೇ ಗಣಕ ಅನುಕರಣೆ. ಇದರ ಇತಿಹಾಸವನ್ನು ಗಣಕಗಳ ವೇಗ ಹೆಚ್ಚಿದ ಕಥೆಯೆಂದು ಭಾವಿಸುವುದು ಸಹಜ. ಅದು ಅಷ್ಟೇ ಮಟ್ಟಿಗೆ ಅಳತೆಯ ಕಥೆಯೂ ಹೌದೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೋಹವು ಯಾವ ಹಂತದಲ್ಲಿ ಶಾಶ್ವತವಾಗಿ ರೂಪ ಬದಲಿಸಲು ತೊಡಗುತ್ತದೆ ಎಂಬುದಕ್ಕೆ ರಿಚರ್ಡ್ ಫಾನ್ ಮೀಸೆಸ್ 1913ರಲ್ಲಿ ಸೂತ್ರವೊಂದನ್ನು ನೀಡಿದ್ದರು. ಆದರೆ ಉರುಳೆಗಳ ನಡುವೆ ಒತ್ತಿ ತಯಾರಿಸಿದ ತಗಡು ಎಲ್ಲ ದಿಕ್ಕುಗಳಲ್ಲೂ ಒಂದೇ ರೀತಿ ವರ್ತಿಸುವುದಿಲ್ಲ. ಈ ದಿಕ್ಕುಭೇದವನ್ನು ಗಣಿತಕ್ಕೆ ಅಳವಡಿಸಿದವರು ಬ್ರಿಟನ್ನಿನ ರಾಡ್ನಿ ಹಿಲ್. ಅವರ ಸೂತ್ರ 1948ರಲ್ಲಿ ಪ್ರಕಟವಾಯಿತು.

ತಗಡು ಎಷ್ಟು ಹಿಗ್ಗಿದರೆ ಹರಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಸರಳ ಉಪಾಯದಿಂದ. 1960ರ ದಶಕದಲ್ಲಿ ಅಮೆರಿಕದ ಸ್ಟುವರ್ಟ್ ಕೀಲರ್ ತಗಡಿನ ಮೇಲೆ ಪುಟ್ಟ ವೃತ್ತಗಳನ್ನು ಮೂಡಿಸಿ, ಒತ್ತಿದ ಬಳಿಕ ಅವು ದೀರ್ಘವೃತ್ತಗಳಾದ ಬಗೆಯನ್ನು ಅಳೆದರು. 1968ರಲ್ಲಿ ಗುಡ್ವಿನ್ ಈ ನಕ್ಷೆಯನ್ನು ವಿಸ್ತರಿಸಿದರು. ಅದಕ್ಕೆ ಒಂದು ವರ್ಷ ಮೊದಲು ಪೋಲೆಂಡಿನ ಮಾರ್ಚಿನಿಯಾಕ್ ಮತ್ತು ಕುಚಿನ್ಸ್ಕಿ, ದಪ್ಪದಲ್ಲಿರುವ ಅಲ್ಪ ಕೊರತೆಯೇ ಬೆಳೆದು ಬಿರುಕಿಗೆ ಹೇಗೆ ದಾರಿಯಾಗುತ್ತದೆಂಬುದನ್ನು ವಿವರಿಸಿದ್ದರು. ಹೀಗೆ ಅನುಕರಣೆಯ ಫಲಿತಾಂಶವನ್ನು ಒರೆಗೆ ಹಚ್ಚುವ ಮಾನದಂಡವು ಅನುಕರಣೆಗಿಂತ ಮೊದಲೇ ಸಿದ್ಧವಾಗಿತ್ತು.

ವಸ್ತುವನ್ನು ಸಣ್ಣ ಸಣ್ಣ ಘಟಕಗಳಾಗಿ ವಿಭಾಗಿಸಿ ಲೆಕ್ಕ ಹಾಕುವ ವಿಧಾನಕ್ಕೆ ರೇ ಕ್ಲಫ್ 1960ರಲ್ಲಿ ‘ಫೈನೈಟ್ ಎಲಿಮೆಂಟ್’ ಎಂಬ ಹೆಸರಿತ್ತರು. ಇದನ್ನು ತಗಡಿನ ಒತ್ತುವಿಕೆಗೆ ಅನ್ವಯಿಸಿದ ಆರಂಭದ ಮುಖ್ಯ ಪ್ರಬಂಧಗಳಲ್ಲಿ ವಾಂಗ್ ಮತ್ತು ಬುಡಿಯಾನ್ಸ್ಕಿ 1978ರಲ್ಲಿ ಪ್ರಕಟಿಸಿದ್ದು ಒಂದು. ಅಚ್ಚಿಗೂ ತಗಡಿಗೂ ಕ್ಷಣಕ್ಷಣಕ್ಕೆ ಬದಲಾಗುವ ಸ್ಪರ್ಶ, ಘರ್ಷಣೆ ಹಾಗೂ ಸುಕ್ಕುಗಳು ಲೆಕ್ಕವನ್ನು ಮತ್ತೆ ಮತ್ತೆ ಕೆಡಿಸುತ್ತಿದ್ದವು. ಪರಿಹಾರ ಬಂದ ದಿಕ್ಕು ಅನಿರೀಕ್ಷಿತ. ಕಡಿಮೆ ಎತ್ತರದಿಂದ ಬೀಳುವ ಬಾಂಬಿನ ಆಘಾತವನ್ನು ಅರಿಯಲು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್ಕ್ವಿಸ್ಟ್ 1976ರಲ್ಲಿ ರೂಪಿಸಿದ ಡೈನಾ-3ಡಿ ಎಂಬ ಕ್ರಮವಿಧಿಯ ತಂತ್ರ, ಕಾಲವನ್ನು ಅತಿ ಸೂಕ್ಷ್ಮ ತುಣುಕುಗಳಲ್ಲಿ ಮುನ್ನಡೆಸುವುದರಿಂದ ಸ್ಪರ್ಶದ ಸಮಸ್ಯೆಯನ್ನು ತಾಳಿಕೊಳ್ಳಬಲ್ಲದಾಗಿತ್ತು. ಶಸ್ತ್ರಾಸ್ತ್ರಕ್ಕೆಂದು ಹುಟ್ಟಿದ ಈ ವಿದ್ಯೆ ಮುಂದೆ ಕಾರಿನ ಬಾಗಿಲಿನ ಅಚ್ಚಿಗೂ ಒದಗಿತು.

ಆದರೆ ಪರದೆಯ ಮೇಲಿನ ಸುಂದರ ಚಿತ್ರ ನಿಜವೇ? 1991ರಲ್ಲಿ ಜ್ಯೂರಿಕ್‌ನಲ್ಲಿ ಆರಂಭವಾದ ನ್ಯೂಮಿಶೀಟ್ ಸಮ್ಮೇಳನಸರಣಿ ಈ ಪ್ರಶ್ನೆಯನ್ನು ಬಹಿರಂಗವಾಗಿ ಎದುರಿಸಿತು. 1993ರಲ್ಲಿ ಜಪಾನಿನಲ್ಲಿ ನಡೆದ ಸಮ್ಮೇಳನಕ್ಕಾಗಿ ಚೌಕ ಬಟ್ಟಲು, ಬಾಗಿಸಿದ ಪಟ್ಟಿ, ಕಾರಿನ ಫೆಂಡರ್‌ಗಳನ್ನು ಸಮಾನ ಪರೀಕ್ಷೆಗಳಾಗಿ ಎಲ್ಲರ ಮುಂದಿಡಲಾಯಿತು. ಬಾಗಿಸಿದ ಪಟ್ಟಿ ಅಚ್ಚಿನಿಂದ ಬಿಡುಗಡೆಯಾದೊಡನೆ ತುಸು ಹಿಂದಕ್ಕೆ ಚಿಮ್ಮುವ ‘ಸ್ಪ್ರಿಂಗ್‌ಬ್ಯಾಕ್’ ವಿಷಯದಲ್ಲಿ ಗಣನೆಗಳು ಪರಸ್ಪರ ಬಹಳ ಭಿನ್ನವಾಗಿದ್ದವು. ಪ್ರಯೋಗಾಲಯಗಳ ಅಳತೆಗಳೂ ಒಂದಕ್ಕೊಂದು ಹೊಂದಲಿಲ್ಲ. ಈ ಅಸಮ್ಮತಿಯಿಂದ ಶಾಸ್ತ್ರಕ್ಕೆ ಲಾಭವೇ ಆಯಿತು. ಬಾಗಿ ಮತ್ತೆ ನೇರವಾಗುವ ಲೋಹದ ವರ್ತನೆಯನ್ನು ಹೊಸದಾಗಿ ಅಧ್ಯಯನ ಮಾಡುವ ಅಗತ್ಯ ಸ್ಪಷ್ಟವಾಯಿತು. 2002ರಲ್ಲಿ ಜಪಾನಿನ ಯೋಶಿದಾ ಮತ್ತು ಉಎಮೊರಿ ಪ್ರಕಟಿಸಿದ ಮಾದರಿ ಈ ದಿಸೆಯ ಗಮನಾರ್ಹ ಫಲ.

ಮೇಲಿನ ಅವಲೋಕನದಿಂದ ಒಂದು ಸಂಗತಿ ವೇದ್ಯವಾಗುತ್ತದೆ. ಗಣಕವು ಅಚ್ಚು ತಿದ್ದುವ ಶ್ರಮವನ್ನು ಬಹುಮಟ್ಟಿಗೆ ತಗ್ಗಿಸಿತು. ತಗಡನ್ನು ಎಳೆದು, ಬಾಗಿಸಿ, ಅಳೆದು ನೋಡುವ ಶ್ರಮವನ್ನು ಅದು ತಗ್ಗಿಸಲಾರದು. ಗಣಕಕ್ಕೆ ಒಪ್ಪಿಸುವ ಘರ್ಷಣೆಯ, ಗಡಸುತನದ ಅಂಕಿಗಳು ಲೋಹದಿಂದಲೇ ಬರಬೇಕು. ಅವುಗಳಲ್ಲಿ ತಪ್ಪಿದ್ದರೆ ಎಷ್ಟೇ ವೇಗದ ಗಣಕವೂ ಆ ತಪ್ಪನ್ನೇ ಹೆಚ್ಚು ಬೇಗ ಹೇಳುತ್ತದೆ.