ಹಲಗಲಿಯ ಬೇಡರು ಮತ್ತು ಅನುಮೋದನೆಯ ದೋಷ

ಮುಧೋಳ ತಾಲೂಕಿನ ಹಲಗಲಿ ಗ್ರಾಮದ ಹೆಸರು ಇತಿಹಾಸದಲ್ಲಿ ನಿಂತಿರುವುದು ಒಂದು ಕಾಯಿದೆಯ ದೆಸೆಯಿಂದ. ಆಂಗ್ಲ ಸರ್ಕಾರವು 1857ರಲ್ಲಿ ಹೊರಡಿಸಿದ 28ನೆಯ ಕಾಯಿದೆಯಂತೆ ಪ್ರಜೆಗಳು ತಮ್ಮ ಆಯುಧಗಳಿಗೆ ಪರವಾನಗಿ ಪಡೆಯಬೇಕಿತ್ತು, ಇಲ್ಲವೇ ಒಪ್ಪಿಸಬೇಕಿತ್ತು. ಬೇಡರ ಜೀವನೋಪಾಯವೂ ಮಾನವೂ ಆ ಆಯುಧಗಳಲ್ಲಿಯೇ ಇದ್ದವು. ಪೂಜೇರಿ ಹನುಮ, ಬಾಲ, ಜಡಗ, ರಾಮ ಇವರ ಮುಂದಾಳುತನದಲ್ಲಿ ಅವರು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಮುತ್ತಿ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಕುರಿತು ಕಟ್ಟಿದ ಲಾವಣಿ ಪ್ರಸಿದ್ಧವಾಗಿದೆ. ಅದರಲ್ಲಿ ಶೌರ್ಯದ ವರ್ಣನೆಯನ್ನು ಮೆಚ್ಚುವವರು ಬಹಳ. ಆದರೆ ಲೆಕ್ಕ ಬರೆದು ಬಲ್ಲವರಿಗೆ ಮನ ಕಲಕುವುದು ಲೂಟಿಯ ಭಾಗ. ಕೊಡಲಿ, ಉಪ್ಪು, ಅರಿಸಿನ, ಬೆಲ್ಲ, ಚರಗಿ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು! ಒಕ್ಕಲುಮನೆಯೊಂದರ ಆಸ್ತಿಪಟ್ಟಿಯನ್ನೇ ಕವಿ ಒಪ್ಪಿಸಿದಂತಿದೆ. ಬೀಸುವ ಕಲ್ಲು ಯಾವ ಕಾಯಿದೆಯ ಪ್ರಕಾರ ಆಯುಧವಾಯಿತೋ!

ಬೇಟೆಯಾಡುವವರ ಆಯುಧ ಹೋದರೆ ಅಹಿಂಸಾಧರ್ಮೀಯರಿಗೆ ವ್ಯಥೆ ಏಕೆ ಎಂದು ಕೇಳುವವರುಂಟು. ತಾನಾಗಿ ಬಿಟ್ಟರೆ ಅದು ತ್ಯಾಗ, ವ್ರತ. ಫಿರಂಗಿ ತೋರಿಸಿ ಬಿಡಿಸಿದರೆ ಅದು ಅಪಹರಣವೇ ಹೊರತು ಅಹಿಂಸೆಯಲ್ಲ. ಮನೆಮಾರುಗಳನ್ನು ಕಾಯ್ದುಕೊಳ್ಳಲು ಗೃಹಸ್ಥನಿಂದ ಆಗುವ ವಿರೋಧೀ ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪೀ ಹಿಂಸೆಯಿಂದ ಬೇರೆಯಾಗಿಯೇ ಎಣಿಸಿದ್ದಾರೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಮತ್ತೂ ಒಂದು ಮಾತನ್ನು ಹೇಳುತ್ತದೆ. ಪಾಪಕ್ಕೆ ಕೃತ, ಕಾರಿತ, ಅನುಮತ ಎಂದು ಮೂರು ದಾರಿ: ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಹಲಗಲಿಯಲ್ಲಿ ಬೆಂಕಿ ಇಟ್ಟವರು ಕೆಲವರು, ಆಜ್ಞೆ ಕೊಟ್ಟವರು ಇನ್ನೂ ಕೆಲವರು. ಮೂರನೆಯ ವರ್ಗದವರು ಸಾವಿರಾರು ಹರದಾರಿ ದೂರದಲ್ಲಿದ್ದರು. 1857ರ ಅಕ್ಟೋಬರ್ 7ರಂದು ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಉಪವಾಸ ದಿನ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸ್ಪರ್ಜನ್ ಎಂಬ ಉಪದೇಶಕನು 20,000ಕ್ಕೂ ಮಿಕ್ಕ ಜನರೆದುರು ಬಂಡಾಯಗಾರರಿಗೆ ಮರಣದಂಡನೆಯೇ ತಕ್ಕುದೆಂದು ಸಾರಿದನು. ಉಪವಾಸದ ದಿನ ಇಂಥ ಉಪದೇಶ!

ಅದೇ ನಗರದಲ್ಲಿ ಅನುಮೋದನೆ ಕೊಡಲೊಪ್ಪದ ಒಬ್ಬನಿದ್ದನು. ಅವನು ಅರ್ನೆಸ್ಟ್ ಜೋನ್ಸ್, ಕಾರ್ಮಿಕರಿಗೆ ಮತಾಧಿಕಾರ ಬೇಡಿದ ಚಾರ್ಟಿಸ್ಟ್ ಚಳವಳಿಯ ನಾಯಕ. 1848ರಿಂದ ಎರಡು ವರ್ಷ ಸೆರೆವಾಸ ಅನುಭವಿಸಿದವನು. 1853-54ರಲ್ಲಿ ಪ್ರೆಸ್ಟನ್ನಿನ ಹತ್ತಿ ಗಿರಣಿಗಳ ಕೂಲಿಕಾರರು ಬೀದಿಗೆ ಬಿದ್ದಾಗ ಅವರ ಪರ ನಿಂತವನು. (ಅದೇ ಲಂಕಾಶೈರಿನ ಬಟ್ಟೆ ನಮ್ಮ ನಾಡಿನ ಕೈಮಗ್ಗಗಳಿಗೆ ಮೃತ್ಯುವಾಯಿತೆಂಬುದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಹೇಳಬೇಕಾಗಿಲ್ಲ. ಆದರೆ ಅದನ್ನು ನೇಯ್ದವರೂ ಹೊಟ್ಟೆಪಾಡಿನವರೇ.) ತನ್ನ 'ಪೀಪಲ್ಸ್ ಪೇಪರ್' ಪತ್ರಿಕೆಯಲ್ಲಿ 1857ರಲ್ಲಿ ಆತನು, ಹಿಂದೂಸ್ತಾನದ ಜನರ ಬಂಡಾಯ ನ್ಯಾಯವಾದುದು, ಇಂಗ್ಲೆಂಡಿನ ದುಡಿಯುವ ಜನ ಅದನ್ನು ಅಡಗಿಸಲು ನೆರವಾಗಬಾರದು ಎಂಬ ನಿಲುವನ್ನು ಮುಂದಿಟ್ಟನು. ಸೆರೆಮನೆಯಲ್ಲಿದ್ದಾಗ ಬರೆದ ತನ್ನ ಕಾವ್ಯವನ್ನು ಆ ವರ್ಷವೇ 'ಹಿಂದೂಸ್ತಾನದ ಬಂಡಾಯ' ಎಂಬ ಹೆಸರಿನಿಂದ ಪುನಃ ಅಚ್ಚು ಹಾಕಿಸಿದನು.

ಜೋನ್ಸನನ್ನು ಅಹಿಂಸಾವಾದಿಯೆಂದು ಹೊಗಳುವುದು ಸಲ್ಲ. ಅವನು ಶಸ್ತ್ರದ ಬಂಡಾಯವನ್ನು ಒಪ್ಪಿದವನು. ಕಾನಪುರದಲ್ಲಿ ಹೆಂಗಸರು ಮಕ್ಕಳ ಕೊಲೆಯೂ ಆ ಬಂಡಾಯದಲ್ಲಿಯೇ ನಡೆಯಿತು. ಆದರೂ ತನ್ನ ಹೆಸರಿನಲ್ಲಿ ತನ್ನವರು ಮಾಡುವ ಹಿಂಸೆಗೆ ತಲೆದೂಗದಿರುವುದು, ಪರರ ಹಿಂಸೆಯನ್ನು ಖಂಡಿಸುವುದಕ್ಕಿಂತ ಕಠಿಣ. ಮುಖ ಕಾಣದ ಒಕ್ಕಲಿಗರಿಗಾಗಿ ಅವನು ಅದನ್ನು ಮಾಡಿದನು. 1858ರಲ್ಲಿ ಪತ್ರಿಕೆ ಅವನ ಕೈತಪ್ಪಿತು.

ಹಲಗಲಿಯ ಲಾವಣಿಯನ್ನು ಮೊದಲು ಅಚ್ಚಿಗೆ ತಂದವನೂ ಆಂಗ್ಲನೇ, ಅದೂ ಆ ಸರ್ಕಾರದ ಅಧಿಕಾರಿ: ಜೆ. ಎಫ್. ಫ್ಲೀಟ್. ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನವನ್ನು ಸಂಪಾದಿಸಿದ ವಿದ್ವಾಂಸನೆಂದು ಓದುಗರು ಅವನನ್ನು ಬಲ್ಲರು. 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅವನು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯದೂ ಇದೆ, ಬೀಸುವ ಕಲ್ಲಿನ ಸಮೇತ.