ನಾಣ್ಯದ ದೋಷ: ಅಚ್ಚಿನದೋ, ಏಟಿನದೋ, ಕಾಲದ್ದೋ?

ಶಾಸನಗಳಂತೆ ನಾಣ್ಯಗಳೂ ಚರಿತ್ರೆಯ ಆಕರಗಳು. ತಾಳೆಗರಿಯ ಪ್ರತಿಯನ್ನು ಪರಿಷ್ಕರಿಸುವ ವಿದ್ವಾಂಸನು ಕವಿಯ ಮೂಲಪಾಠ ಯಾವುದು, ಲಿಪಿಕಾರನ ಸ್ಖಲನ ಯಾವುದು, ಹುಳು ತಿಂದು ಲುಪ್ತವಾದುದು ಯಾವುದು ಎಂದು ವಿವೇಚಿಸುತ್ತಾನಷ್ಟೆ. ಹಾಗೆಯೇ ನಾಣ್ಯವನ್ನು ಓದುವವನು ಅಚ್ಚು ಕೊರೆದವನ ಉದ್ದೇಶ, ಟಂಕಿಸುವಾಗ ಸಂಭವಿಸಿದ ದೋಷ, ಬಳಕೆಯಿಂದಾದ ಸವೆತ ಈ ಮೂರನ್ನೂ ಬೇರ್ಪಡಿಸಬೇಕು. ಇಲ್ಲವಾದರೆ ಕಾಲನಿರ್ಣಯವೇ ತಪ್ಪೀತು.

ಮೈಸೂರು ಸೀಮೆಯ ನಾಣ್ಯಗಳೇ ಇದಕ್ಕೆ ನಿದರ್ಶನ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ತನ್ನ ವರಹದ ಮೇಲೆ ಹಿಂದಿನಿಂದ ಬಂದ ಶಿವ-ಪಾರ್ವತಿಯರ ರೂಪವನ್ನೇ ಉಳಿಸಿಕೊಂಡನು. ಹಿಂಬದಿಯಲ್ಲಿ ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಹಾಕಿಸಿದನು. ಉಳಿದ ಅಕ್ಷರಗಳು ಸವೆದವೆಂದು ಭಾವಿಸುವುದು ಸಲ್ಲದು, ಅಚ್ಚಿನಲ್ಲಿದ್ದುದೇ ಅಷ್ಟು. ಟಿಪ್ಪು ಸುಲ್ತಾನನು 1787ರ ಸುಮಾರಿಗೆ ಮೌಲೂದಿ ಶಕೆಯನ್ನು ಬಳಕೆಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದ್ದರಿಂದ ಆ ಶಕೆಯ 1215ನೆಯ ವರ್ಷವು ನಾಣ್ಯದ ಮೇಲೆ 5121 ಎಂಬಂತೆ ತೋರುತ್ತದೆ. ಇದು ಕೊರೆಯುವವನ ಪ್ರಮಾದವಲ್ಲ, ರಾಜಾಜ್ಞೆ. ಅವನ ತಾಮ್ರದ ಕಾಸುಗಳಲ್ಲಿ ಆನೆಯು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಮುಖಮಾಡಿರುವುದು ಸಹ ಅಚ್ಚಿನ ಭೇದವೇ.

ಆ ಕಾಲದ ನಾಣ್ಯಗಳನ್ನು ಸುತ್ತಿಗೆಯ ಏಟಿನಿಂದ ಟಂಕಿಸುತ್ತಿದ್ದರು. ಅಚ್ಚು ಅನೇಕವೇಳೆ ಲೋಹದ ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಬರಹದ ಒಂದು ಭಾಗ ಹೊರಗುಳಿಯುವುದು ಸಾಮಾನ್ಯವಾಗಿತ್ತು, ಅದನ್ನು ದೋಷವೆನ್ನಲಾಗದು. ನಿಜವಾದ ದೋಷದ ಲಕ್ಷಣಗಳೇ ಬೇರೆ. ಬಿಲ್ಲೆ ಜರುಗಿ ಎರಡನೆಯ ಏಟು ಬಿದ್ದರೆ ಒಂದೇ ಚಿತ್ರ ಎರಡಾಗಿ ಮೂಡುತ್ತದೆ. ಹಿಂದಿನ ನಾಣ್ಯವು ಅಚ್ಚಿಗೆ ಅಂಟಿಕೊಂಡೇ ಉಳಿದರೆ, ಮುಂದಿನ ಬಿಲ್ಲೆಯ ಒಂದು ಬದಿಯಲ್ಲಿ ಚಿತ್ರವು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಾಗಿ ಅಚ್ಚೊತ್ತುತ್ತದೆ. ಅಚ್ಚೇ ಬಿರುಕುಬಿಟ್ಟಿದ್ದರೆ ಆ ಬಿರುಕಿನೊಳಗೆ ಲೋಹ ನುಗ್ಗಿ, ನಾಣ್ಯದ ಮೇಲೆ ಉಬ್ಬಿದ ಗೆರೆಯಾಗುತ್ತದೆ. ಆ ಅಚ್ಚಿನಿಂದ ಮುಂದೆ ಹೊರಟ ನಾಣ್ಯಗಳಲ್ಲೆಲ್ಲ ಅದೇ ಗೆರೆ ಕಾಣುತ್ತದೆ.

ಟಂಕಸಾಲೆಯನ್ನು ಬಿಟ್ಟ ಮೇಲೆ ಬಿದ್ದ ಗೀರು ಉಬ್ಬಿರುವುದಿಲ್ಲ, ತಗ್ಗಾಗಿರುತ್ತದೆ. ಸವೆತವು ಮೊದಲು ಉಬ್ಬಿದ ಭಾಗಗಳನ್ನೇ ತಿನ್ನುತ್ತದೆ. ದೇವತೆಯ ಮುಖ ಮಾಸಿದರೂ ಹಿನ್ನೆಲೆ ಉಳಿದೀತು. ಬೆಳ್ಳಿಯ ಪರೀಕ್ಷೆಗಾಗಿ ಚಿನಿವಾರರು ಒತ್ತಿದ ಸಣ್ಣ ಗುರುತುಗಳೂ ಟಂಕಸಾಲೆಯವಲ್ಲ. ಸುಮಾರು 3.4 ಗ್ರಾಂ ತೂಗಬೇಕಾದ ವರಹವು ಬಹಳ ಹಗುರವಾಗಿದ್ದರೆ ಅಂಚನ್ನು ಕತ್ತರಿಸಿರಬಹುದೇ ಎಂದು ಪರೀಕ್ಷಿಸುವುದು ಯುಕ್ತ.

ಒಂದೇ ನಾಣ್ಯವನ್ನು ನೋಡಿ ತೀರ್ಪು ಕೊಡುವುದು ಒಂದೇ ಓಲೆಯ ಪ್ರತಿಯನ್ನು ನಂಬಿ ಪಾಠ ನಿರ್ಣಯಿಸಿದಂತೆ. ಹಲವು ನಾಣ್ಯಗಳಲ್ಲಿ ಮರುಕಳಿಸುವ ವೈಚಿತ್ರ್ಯವು ಅಚ್ಚಿನದು. ಒಂದರಲ್ಲಿ ಮಾತ್ರ ಕಾಣುವುದು ಏಟಿನದೋ ಕಾಲದ್ದೋ ಆಗಿರುತ್ತದೆ. ತಾಳ್ಮೆಯಿಂದ ಹೋಲಿಸಿ ನೋಡಿದವನಿಗೆ ಮಾತ್ರ ನಾಣ್ಯದ ಸಾಕ್ಷ್ಯ ದೊರೆಯುತ್ತದೆ.