ಕರಣಿಗಳ ಸುಲಭೀಕರಣಕ್ಕೆ ಘಾತಾಂಕವೇ ಕೀಲಿಕೈ

ಪ್ರೌಢಶಾಲಾ ಗಣಿತದಲ್ಲಿ ಕರಣಿಗಳ ಪಾಠ ಬಂದೊಡನೆ ಅನೇಕ ವಿದ್ಯಾರ್ಥಿಗಳು ಸೂತ್ರಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡತೊಡಗುತ್ತಾರೆ. ಅದರ ಅಗತ್ಯವಿಲ್ಲ. ಮೂಲಚಿಹ್ನೆ ಎಂಬುದು ಭಿನ್ನರಾಶಿಯ ರೂಪದಲ್ಲಿರುವ ಘಾತಾಂಕವೇ ಹೊರತು ಬೇರೇನೂ ಅಲ್ಲ.

5ರ ವರ್ಗಮೂಲವನ್ನು ಅದರಿಂದಲೇ ಗುಣಿಸಿದರೆ 5 ದೊರೆಯುತ್ತದೆ. ಒಂದೇ ಆಧಾರಸಂಖ್ಯೆಯ ಘಾತಗಳನ್ನು ಗುಣಿಸುವಾಗ ಘಾತಾಂಕಗಳನ್ನು ಕೂಡಬೇಕೆಂಬುದು ನಿಯಮ. ಎರಡು ಸಮಾನ ಘಾತಾಂಕಗಳ ಮೊತ್ತ 1 ಆಗಬೇಕಾದರೆ ಪ್ರತಿಯೊಂದೂ 1/2 ಆಗಿರಲೇಬೇಕು. ಇದೇ ತರ್ಕದಂತೆ ಘನಮೂಲಕ್ಕೆ 1/3. ನ್ಯೂಟನ್ 1676ರ ಪತ್ರವೊಂದರಲ್ಲಿ ಮೂಲಗಳನ್ನು ಹೀಗೆಯೇ ಬರೆದಿದ್ದನು.

√72 ಅನ್ನು ತೆಗೆದುಕೊಳ್ಳೋಣ. ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದರೆ 72 = 2³ × 3². ವರ್ಗಮೂಲವೆಂದರೆ ಘಾತಾಂಕಗಳನ್ನು ಅರ್ಧಿಸುವುದು. ಆಗ 2ರ ಘಾತಾಂಕ 3/2, 3ರದು 1. ಈ 3/2 ಎಂಬುದು 1 ಮತ್ತು 1/2ರ ಮೊತ್ತ. ಪೂರ್ಣಾಂಕದ ಭಾಗ ಚಿಹ್ನೆಯಿಂದ ಹೊರಬರುತ್ತದೆ, ಉಳಿದ ಅರ್ಧ ಒಳಗೇ ನಿಲ್ಲುತ್ತದೆ. ಉತ್ತರ 2 × 3 × √2, ಅಂದರೆ 6√2.

ಈ ವಿಧಾನದ ನಿಜವಾದ ಬಲ ತಿಳಿಯುವುದು ಕರಣಿಗಳ ಕ್ರಮ ಬೇರೆಬೇರೆಯಾದಾಗ. √2 × ∛2 ಎಷ್ಟು? ಮೂಲಚಿಹ್ನೆಯನ್ನೇ ದಿಟ್ಟಿಸುತ್ತ ಕುಳಿತರೆ ದಾರಿ ಕಾಣದು. 1/2 ಮತ್ತು 1/3 ಕೂಡಿದರೆ 5/6. ಆದ್ದರಿಂದ ಉತ್ತರ 2⁵ರ, ಅಂದರೆ 32ರ, ಆರನೆಯ ಮೂಲ. ಛೇದದಲ್ಲಿ ಕರಣಿಯಿದ್ದರೆ ಘಾತಾಂಕವನ್ನು ಕಳೆದರಾಯಿತು: 6/√2 ಎಂಬುದು 3√2.

ಅಂಕಗಳು ಕೈತಪ್ಪುವುದು ಬಹುತೇಕ ಎರಡು ಕಡೆ. ಘಾತಾಂಕ ನಿಯಮಗಳು ಗುಣಾಕಾರ, ಭಾಗಾಕಾರಗಳಿಗೆ ಸೇರಿದವು, ಸಂಕಲನಕ್ಕಲ್ಲ. √(9+16) ಎಂಬುದು 5. ಅದನ್ನು 3+4 ಎಂದು ಒಡೆದು 7 ಎಂದು ಬರೆಯುವವರು ಇಂದಿಗೂ ಕಡಿಮೆಯೇನಿಲ್ಲ.

ಎರಡನೆಯದು ಋಣಸಂಖ್ಯೆ. ಮೂಲಚಿಹ್ನೆಯ ಒಳಗೆ (−5)² ಇದ್ದಾಗ ಘಾತಾಂಕವನ್ನು ಕಣ್ಣುಮುಚ್ಚಿ ಅರ್ಧಿಸಿದರೆ −5 ಬರುತ್ತದೆ. ಸರಿಯುತ್ತರ 5. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿಯೇ ‘ಗಣಿತಸಾರಸಂಗ್ರಹ’ದಲ್ಲಿ, ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದಿದ್ದನು. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ನಿಂತಿದೆ. ಅಂತಹ ಮೂಲಗಳನ್ನು ಒಪ್ಪುವ ಸಂಮಿಶ್ರ ಸಂಖ್ಯೆಗಳಲ್ಲಿಯೂ ಹಳೆಯ ನಿಯಮ ಹಾಗೆಯೇ ಅನ್ವಯಿಸದು: √(−4) × √(−9) ಎಂಬುದು 6 ಅಲ್ಲ, −6.